ಫ್ರಾನ್ಸ್ ಇರುವುದು ಯುರೋಪಿನಲ್ಲಿ, ಅದರ ಸಮುದ್ರ ಮಾತ್ರ ಜಾಸ್ತಿ ಪೆಸಿಫಿಕ್‌ನಲ್ಲಿ ಯಾಕೆ?

ಹಳೇ ವಸಾಹತುಗಳಿಂದಾಗಿ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ತೀರದಿಂದ 200 ನಾಟಿಕಲ್ ಮೈಲಿವರೆಗೆ (ಸುಮಾರು 370 ಕಿ.ಮೀ.) ಮೀನು, ತೈಲ, ತಳದ ಖನಿಜದ ಹಕ್ಕು ಆ ದೇಶದ್ದು. ಬೇರೆಯವರ ಹಡಗು ಓಡಾಡಬಹುದು. ಆದರೆ ಕೇಳದೆ ಬಲೆ ಬೀಸುವಂತಿಲ್ಲ.

ಈ ನಿಯಮ ದ್ವೀಪಕ್ಕೂ ಉಂಟು. ಮಜಾ ಇರುವುದು ಇಲ್ಲೇ. ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ದ್ವೀಪಕ್ಕೆ ಸುತ್ತಲೂ 200 ಮೈಲಿ ಸಿಕ್ಕರೆ ಸುಮಾರು 4.3 ಲಕ್ಷ ಚದರ ಕಿ.ಮೀ. ಆಯಿತು. ಅದು ಕರ್ನಾಟಕದ ಎರಡು ಪಟ್ಟಿಗಿಂತ ಜಾಸ್ತಿ! ಫ್ರಾನ್ಸ್‌ಗೆ ಇಂಥ ಸಮುದ್ರ ಒಟ್ಟು ಸುಮಾರು 1 ಕೋಟಿ ಚದರ ಕಿ.ಮೀ. ಇದೆ. ಅದರಲ್ಲಿ ಅರ್ಧದಷ್ಟು ಬರೀ ಪೆಸಿಫಿಕ್‌ನಲ್ಲಿರುವ ಅದರ ದ್ವೀಪಗಳ ಗುಂಪಾದ ಫ್ರೆಂಚ್ ಪಾಲಿನೇಷಿಯಾದ್ದು.

ಸುಮ್ನೆ ಒಂದು ಬಂಡೆ ತೋರಿಸಿ ಸಮುದ್ರ ಕೇಳುವಂತಿಲ್ಲ. ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಬದುಕನ್ನಾಗಲಿ ತಾಳಿಕೊಳ್ಳಲಾಗದ ಬಂಡೆಗೆ ಈ 200 ಮೈಲಿಯ ವಲಯವಿಲ್ಲ ಎನ್ನುತ್ತದೆ ಅದೇ ಒಪ್ಪಂದದ 121ನೇ ವಿಧಿ. ಮೆಕ್ಸಿಕೊದ ಪಶ್ಚಿಮಕ್ಕಿರುವ ಕ್ಲಿಪ್ಪರ್‌ಟನ್ ದ್ವೀಪದಲ್ಲಿ ಈಗ ಯಾರೂ ವಾಸವಿಲ್ಲ. 1931ರಲ್ಲಿ ಇಟಲಿಯ ರಾಜ ಪಂಚಾಯ್ತಿ ಮಾಡಿ ಅದನ್ನು ಫ್ರಾನ್ಸಿಗೆ ಕೊಟ್ಟ. ಅದರ ಸುತ್ತಲೂ ಫ್ರಾನ್ಸ್ ಪೂರ್ತಿ 200 ಮೈಲಿ ತನ್ನದೆನ್ನುತ್ತದೆ. ನನಗೇನೋ ಆ ವಾದ ಸ್ವಲ್ಪ ಎಳೆದಾಡಿದಂತೆಯೇ ಕಾಣುತ್ತದೆ.