ಆಟ ಮುಗಿದ ಮೇಲಿನ ಆಟ: ಡಿಎಲ್‌ಸಿ (ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ) ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ‘ವಿಚರ್ 3’ ಆಡಲು ಹಿಡಿದು ಎಂಬತ್ತು ಗಂಟೆಯಾಯಿತು. ಮುಖ್ಯ ಕಥೆ ಇನ್ನೂ ಮುಗಿದಿಲ್ಲ. ಲೆವೆಲ್ 27ರಲ್ಲಿದ್ದೇನೆ. ಅದರ ಎರಡೂ ಎಕ್ಸ್‌ಪ್ಯಾನ್ಷನ್‌ಗಳು (ದೊಡ್ಡ ಕಥಾ ಡಿಎಲ್‌ಸಿಗಳು) ರಿಯಾಯಿತಿಯಲ್ಲಿವೆ. ‘ಬ್ಲಡ್ ಅಂಡ್ ವೈನ್’ ದೊಡ್ಡದಂತೆ, ಅದೊಂದನ್ನೇ ಕೊಂಡರೆ ಸಾಕೇ? ಯಾವಾಗ ಆಡಬೇಕು?

ಉತ್ತರ: ಗಂಟೆಯ ಲೆಕ್ಕಕ್ಕೆ ಬ್ಲಡ್ ಅಂಡ್ ವೈನೇ ಗೆಲ್ಲುತ್ತದೆ. 2015ರ ಅಕ್ಟೋಬರ್‌ನಲ್ಲಿ ಬಂದ ‘ಹಾರ್ಟ್ಸ್ ಆಫ್ ಸ್ಟೋನ್’ಗೆ ತಯಾರಕರು ಹೇಳಿದ್ದು ಸುಮಾರು 10 ಗಂಟೆ, 2016ರ ಮೇ ತಿಂಗಳಲ್ಲಿ ಬಂದ ಬ್ಲಡ್ ಅಂಡ್ ವೈನ್‌ಗೆ ಸುಮಾರು 20. ಆದರೆ ಎಂಬತ್ತು ಗಂಟೆ ಆಡಿ ಮುಗಿಯದವರಿಗೆ ಇನ್ನಿಪ್ಪತ್ತು ಗಂಟೆ ಲಾಭವೋ ಹೊರೆಯೋ, ಯೋಚಿಸಿ. ನಕ್ಷೆಯ ಮೇಲಿನ ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡರೆ ಈಗಾಗಲೇ ಆಕಳಿಕೆ ಬರುತ್ತಿದ್ದರೆ ನಿಮಗೆ ಬೇಕಾದದ್ದು ಹಾರ್ಟ್ಸ್ ಆಫ್ ಸ್ಟೋನ್. ನಡೆಯುವುದು ಬಹುಪಾಲು ನೊವಿಗ್ರಾಡ್ ಸುತ್ತಲಿನ ಪರಿಚಿತ ನೆಲದಲ್ಲೇ, ಆದರೆ ಕಥೆ ಬಿಗಿಯಾಗಿದೆ. ಮದುವೆ ಮನೆ, ಹರಾಜು ಮನೆಯ ದರೋಡೆ, ಚಿತ್ರದೊಳಗಿನ ಲೋಕ ಹೀಗೆ ಒಂದೊಂದು ಕ್ವೆಸ್ಟೂ (ಆಟ ಒಪ್ಪಿಸುವ ಕೆಲಸ) ಒಂದೊಂದು ಬಗೆ. ಒಂದನ್ನೇ ಕೊಳ್ಳಿ ಎಂದರೆ ನಾವು ಇದನ್ನೇ ಆರಿಸುತ್ತೇವೆ. ಇದಕ್ಕೆ ಒಪ್ಪದವರ ಪತ್ರಗಳು ಬರುತ್ತವೆ ಎಂದೂ ಗೊತ್ತು. ಹೊಸ ನೆಲ ನೋಡಬೇಕು, ಇನ್ನೂ ಅಲೆಯಬೇಕು ಎಂಬ ಹಸಿವಿದ್ದರೆ ಟೂಸಾಂಟ್ ಪ್ರಾಂತ್ಯವಿರುವ ಬ್ಲಡ್ ಅಂಡ್ ವೈನ್.

ಯಾವಾಗ ಎಂಬುದೇ ಹೆಚ್ಚು ಮುಖ್ಯ. ಹಾರ್ಟ್ಸ್ ಆಫ್ ಸ್ಟೋನ್‌ಗೆ ಸೂಚಿತ ಲೆವೆಲ್ 32, ಬ್ಲಡ್ ಅಂಡ್ ವೈನ್‌ಗೆ 34. ಇಪ್ಪತ್ತೇಳರಲ್ಲೇ ನುಗ್ಗಿದರೆ ಮೊದಲ ದೊಡ್ಡ ಕಪ್ಪೆಯೇ ನಿಮ್ಮನ್ನು ಮುಗಿಸುತ್ತದೆ. ತದ್ವಿರುದ್ಧ ತಪ್ಪೂ ಇದೆ. ಸಿಕ್ಕ ಸಣ್ಣಪುಟ್ಟ ಕ್ವೆಸ್ಟ್‌ಗಳನ್ನೆಲ್ಲ ಮುಗಿಸಿ ಲೆವೆಲ್ ತೀರಾ ಏರಿಸಿಕೊಂಡು ಹೋದರೆ ಅನುಭವದ ಅಂಕ ಹೆಚ್ಚೇನೂ ಸಿಗುವುದಿಲ್ಲ. ನಿಮಗಿಂತ ಆರು ಅಥವಾ ಹೆಚ್ಚು ಲೆವೆಲ್ ಕೆಳಗಿನ ಕ್ವೆಸ್ಟ್ ಪಟ್ಟಿಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಪ್ರತಿಫಲ ನಾಮಮಾತ್ರ. ಹಾಗಾಗಿದ್ದರೆ ಸೆಟ್ಟಿಂಗ್‌ನಲ್ಲಿ ಶತ್ರುಗಳ ಲೆವೆಲ್ ನಿಮಗೆ ತಕ್ಕಂತೆ ಏರಿಸುವ ಆಯ್ಕೆಯಿದೆ, ಹಾಕಿಕೊಳ್ಳಿ. ಅಂಕ ಹೆಚ್ಚದಿದ್ದರೂ ಕಾಳಗದಲ್ಲಿ ಸ್ವಾರಸ್ಯ ಉಳಿಯುತ್ತದೆ.

ಈಗ ಮುಖ್ಯ ಕಥೆ ಮುಗಿಸಿ, ಆಮೇಲೆ ಹಾರ್ಟ್ಸ್ ಆಫ್ ಸ್ಟೋನ್, ಕಟ್ಟಕಡೆಗೆ ಬ್ಲಡ್ ಅಂಡ್ ವೈನ್. ಈ ಅನುಕ್ರಮಕ್ಕೆ ಕಾರಣವಿದೆ. ಬ್ಲಡ್ ಅಂಡ್ ವೈನ್‌ನಲ್ಲಿ ಕಥಾನಾಯಕ ಗೆರಾಲ್ಟ್‌ಗೆ ಕೊರ್ವೋ ಬಿಯಾಂಕೋ ಎಂಬ ದ್ರಾಕ್ಷಿ ತೋಟ, ಮನೆ ಸಿಗುತ್ತವೆ. ಎಲ್ಲ ಮುಗಿದ ಮೇಲೆ ಆ ಮನೆಗೆ ಒಬ್ಬ ಅತಿಥಿ ಬರುತ್ತಾರೆ. ಯಾರು ಬರುತ್ತಾರೆ ಎಂಬುದು ಮುಖ್ಯ ಕಥೆಯಲ್ಲಿ ನೀವು ಮಾಡಿದ ಆಯ್ಕೆಗಳ ಮೇಲೆ ನಿಂತಿದೆ. ಕಥೆ ಮುಗಿಸದೆ ಹೋದರೆ ಆ ಬೀಳ್ಕೊಡುಗೆ ಅರ್ಧಕ್ಕರ್ಧ ಸಪ್ಪೆ.

ಹಣದ ವಿಷಯವೊಂದು. ಹಾರ್ಟ್ಸ್ ಆಫ್ ಸ್ಟೋನ್‌ನಲ್ಲಿ ಓಫಿಯರ್ ದೇಶದ ರೂನ್ ಕುಶಲಿಯೊಬ್ಬ (ಆಯುಧ, ಕವಚಗಳಿಗೆ ಮಾಂತ್ರಿಕ ಬಲ ತುಂಬುವವ) ಸಿಗುತ್ತಾನೆ. ಅವನ ಕಸುಬು ಪೂರ್ತಿ ತೆರೆಯಲು ಮೂರು ಕಂತು: 5,000, 10,000, 15,000 ಕ್ರೌನ್ (ಆಟದೊಳಗಿನ ನಾಣ್ಯ), ಒಟ್ಟು 30,000. ಅದರ ಮೇಲೆ ಪ್ರತಿ ಕೆಲಸಕ್ಕೂ ರೂನ್‌ಕಲ್ಲುಗಳು ಬೇಕು. ಆದ್ದರಿಂದ ಈಗಿನಿಂದಲೇ ಸಿಕ್ಕ ರೂನ್‌ಕಲ್ಲು, ಗ್ಲಿಫ್‌ಗಳನ್ನು ಮಾರಬೇಡಿ. ಹಾಗೆಯೇ ದೊಡ್ಡ ದರ್ಜೆಯ ಮ್ಯುಟಾಜೆನ್‌ಗಳನ್ನೂ (ರಾಕ್ಷಸರನ್ನು ಕೊಂದಾಗ ಸಿಗುವ ಸತ್ವ) ಕೂಡಿಡಿ. ಬ್ಲಡ್ ಅಂಡ್ ವೈನ್‌ನಲ್ಲಿ ತೆರೆದುಕೊಳ್ಳುವ ಹನ್ನೆರಡು ಮ್ಯುಟೇಶನ್‌ಗಳಿಗೆ (ವಿಶೇಷ ಶಕ್ತಿಗಳಿಗೆ) ಅವೂ ಬೇಕು, ಕೌಶಲದ ಅಂಕಗಳೂ ಬೇಕು. ಅಲ್ಲಿಗೆ ಹೋಗುವ ಹೊತ್ತಿಗೆ ಅಂಕಗಳನ್ನೆಲ್ಲ ಖರ್ಚು ಮಾಡಿ ಕೈಖಾಲಿ ಮಾಡಿಕೊಂಡವರು 1,000 ಕ್ರೌನ್ ಕೊಟ್ಟು ‘ಪೋಶನ್ ಆಫ್ ಕ್ಲಿಯರೆನ್ಸ್’ ಕುಡಿದು ಎಲ್ಲ ಅಂಕ ವಾಪಸ್ ಪಡೆಯಬಹುದು.

ಪ್ರಶ್ನೆ: ‘ಎಲ್ಡನ್ ರಿಂಗ್’ನಲ್ಲಿ ಲೆವೆಲ್ 150 ದಾಟಿದ್ದೇನೆ. ಆದರೂ ‘ಶ್ಯಾಡೋ ಆಫ್ ದ ಎರ್ಡ್‌ಟ್ರೀ’ಯಲ್ಲಿ ಎರಡೇ ಏಟಿಗೆ ಸಾಯುತ್ತಿದ್ದೇನೆ. ದುಡ್ಡು ದಂಡವಾಯಿತೇ?

ಉತ್ತರ: ಇಲ್ಲ. ನೀವು ತಪ್ಪು ಅಂಕಿಯನ್ನು ನೋಡುತ್ತಿದ್ದೀರಿ. 2024ರ ಜೂನ್‌ನಲ್ಲಿ ಬಂದ ಈ ಡಿಎಲ್‌ಸಿಯಲ್ಲಿ ನಿಮ್ಮ ಲೆವೆಲ್‌ಗಿಂತ ಹೆಚ್ಚು ಕೆಲಸ ಮಾಡುವುದು ಸ್ಕ್ಯಾಡೂಟ್ರೀ ತುಣುಕು. ಇವು ಒಟ್ಟು 50 ಇವೆ, ಎಲ್ಲ ಹುಡುಕಿದರೆ ಆಶೀರ್ವಾದ 20ನೇ ಹಂತಕ್ಕೇರುತ್ತದೆ. ಒಂದೊಂದು ಹಂತಕ್ಕೂ ನೀವು ಕೊಡುವ ಏಟು ಬಲವಾಗುತ್ತದೆ, ತಿನ್ನುವ ಏಟು ಹಗುರಾಗುತ್ತದೆ. ಈ ಬಲ ಡಿಎಲ್‌ಸಿ ನಡೆಯುವ ನೆರಳಿನ ಲೋಕದೊಳಗೆ ಮಾತ್ರ. ಹೊರಗೆ ಬಂದರೆ ಇಲ್ಲ. ಹಳೆಯ ಆಟದಲ್ಲಿ ಅತಿಯಾಗಿ ಬೆಳೆದವರೂ ಇಲ್ಲಿ ಮತ್ತೆ ಹುಡುಕಾಡಲಿ ಎಂದೇ ಈ ಏರ್ಪಾಡು.

ತಪ್ಪುವುದು ಎಲ್ಲಿ ಅಂದರೆ, ತುಣುಕು ಎತ್ತಿಕೊಂಡರಷ್ಟೇ ಸಾಲದು. ಗ್ರೇಸ್ (ವಿಶ್ರಾಂತಿಯ ತಾಣ) ಬಳಿ ಕೂತು ಮೆನುವಿನಲ್ಲಿ ನೆರಳಿನ ಲೋಕದ ಆಶೀರ್ವಾದದ ಆಯ್ಕೆಗೆ ಹೋಗಿ ಅದನ್ನು ಬಳಸಬೇಕು. ಮೊದಲು ಅದನ್ನು ನೋಡಿ, ಜೇಬಿನಲ್ಲೇ ನಾಲ್ಕಾರು ಬಿದ್ದಿರಬಹುದು. ಆಮೇಲೆ ಬಾಸ್‌ಗಳನ್ನು (ದೊಡ್ಡ ಶತ್ರುಗಳನ್ನು) ಬಿಟ್ಟು ಅಲೆಯಿರಿ. ಮಿಕೆಲಾನ ಶಿಲುಬೆಗಳ ಬುಡದಲ್ಲಿ ಹೆಚ್ಚು ಸಿಗುತ್ತವೆ. ತಲೆಯ ಮೇಲೆ ಮಡಕೆ ಹೊತ್ತು ಸುಮ್ಮನೆ ನಿಂತಿರುವ ನೆರಳು ಮನುಷ್ಯರನ್ನು ಹೊಡೆದರೂ ಸಿಗುತ್ತವೆ. ಅವರನ್ನು ಪಾಪವೆಂದು ಬಿಟ್ಟು ಹೋಗುವವರೇ ಹೆಚ್ಚು. ಸಹಾಯಕ್ಕೆ ಕರೆಯುವ ಆತ್ಮಗಳನ್ನು ಬಲಪಡಿಸಲು ಬೇರೆಯದೇ ಬೂದಿಯಿದೆ, ಅದರದು 10 ಹಂತ.

ಇನ್ನೂ ಕೊಳ್ಳದವರಿಗೆ: ಈ ಡಿಎಲ್‌ಸಿಯ ಬಾಗಿಲು ತೆರೆಯಲು ಮೂಲ ಆಟದಲ್ಲಿ ರಡಾನ್, ಮೋಗ್ ಇಬ್ಬರನ್ನೂ ಸೋಲಿಸಿರಬೇಕು. ಮೋಗ್ ಸತ್ತ ಜಾಗದಲ್ಲಿರುವ ಮೊಟ್ಟೆಯಿಂದ ಇಳಿಬಿದ್ದ ಒಣಗಿದ ಕೈಯನ್ನು ಮುಟ್ಟಿದರೆ ಪ್ರವೇಶ. ಮೋಗ್ ಮುಖ್ಯ ಕಥೆಗೆ ಕಡ್ಡಾಯವಲ್ಲದ ಬಾಸ್. ಹಾಗಾಗಿ ಆಟ ಮುಗಿಸಿದವರೂ ಕೆಲವರು ಅವನ ಮುಖ ನೋಡಿರುವುದಿಲ್ಲ. ಅವನನ್ನು ಸೋಲಿಸಿದ ಮೇಲೆಯೇ ದುಡ್ಡು ಬಿಚ್ಚಿ.

ಪ್ರಶ್ನೆ: ಆಟದ ಮಧ್ಯದಲ್ಲಿ ಡಿಎಲ್‌ಸಿ ಕೊಂಡೆ. ತಿಂಗಳಾದ ಮೇಲೆ ಅಲ್ಲಿಗೆ ತಲುಪಿದೆ, ಹಿಡಿಸಲಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ವಾಪಸ್ ಬರುತ್ತದೆಯೇ?

ಉತ್ತರ: ಬರುವ ಸಂಭವ ಕಡಿಮೆ. ಸ್ಟೀಮ್ ನಿಯಮದಂತೆ ಡಿಎಲ್‌ಸಿ ಕೊಂಡು 14 ದಿನ ಮೀರಿರಬಾರದು, ಕೊಂಡ ನಂತರ ಮೂಲ ಆಟವನ್ನು 2 ಗಂಟೆಗಿಂತ ಕಡಿಮೆ ಆಡಿರಬೇಕು. ಆ ಎರಡು ಗಂಟೆ ಲೆಕ್ಕವಾಗುವುದು ಮೂಲ ಆಟದ ಮೇಲೆ. ಡಿಎಲ್‌ಸಿಯ ಭಾಗಕ್ಕೆ ನೀವು ಕಾಲಿಡದಿದ್ದರೂ ಗಡಿಯಾರ ಓಡುತ್ತಿರುತ್ತದೆ. ಆದ್ದರಿಂದ ಡಿಎಲ್‌ಸಿಯ ಬಾಗಿಲ ಬಳಿ ತಲುಪಿ ಸೇವ್ ಮಾಡಿದ ಮೇಲೆಯೇ ಖರೀದಿಸಿ, ಮೊದಲ ಒಂದೂವರೆ ಗಂಟೆಯಲ್ಲೇ ತೀರ್ಮಾನಿಸಿ. ರಿಯಾಯಿತಿ ತಪ್ಪಿಹೋಗುತ್ತದೆ ಎಂಬ ಆತುರ ಬೇಡ. ಹಳೆಯ ಆಟಗಳ ಡಿಎಲ್‌ಸಿಗೆ ರಿಯಾಯಿತಿ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಒಂದು ಅಂಗಡಿಯಲ್ಲಿ ಆಟ, ಇನ್ನೊಂದರಲ್ಲಿ ಅಗ್ಗಕ್ಕೆ ಡಿಎಲ್‌ಸಿ ಕೊಂಡೆ. ಕಾಣಿಸುತ್ತಲೇ ಇಲ್ಲ.

ಉತ್ತರ: ಕಾಣಿಸುವುದೂ ಇಲ್ಲ. ಸ್ಟೀಮ್‌ನ ಆಟಕ್ಕೆ ಸ್ಟೀಮ್‌ನದೇ ಡಿಎಲ್‌ಸಿ, ಗಾಗ್ ಅಂಗಡಿಯ ಆಟಕ್ಕೆ ಗಾಗ್‌ನದೇ. ಪ್ಲೇಸ್ಟೇಶನ್‌ನಲ್ಲಿ ಡಿಸ್ಕ್ ಒಂದು ವಲಯದ್ದು, ಖಾತೆ ಇನ್ನೊಂದು ವಲಯದ್ದಾದರೂ ಇದೇ ಪಾಡು. ಕೂಡಲೇ ಮರುಪಾವತಿ ಕೇಳಿ. ಗಾಗ್ 30 ದಿನ ಕಾಲಾವಕಾಶ ಕೊಡುತ್ತದೆ.

ಪ್ರಶ್ನೆ: ಮುಖ್ಯ ಆಟ ಮುಗಿಸಿ ಸೇವ್‌ಗಳನ್ನೆಲ್ಲ ಅಳಿಸಿದೆ. ಈಗ ಡಿಎಲ್‌ಸಿ ಆಡಬಹುದೇ? ಆಟದ ಹೆಸರು ‘ಫಾಲ್‌ಔಟ್: ನ್ಯೂ ವೇಗಸ್’.

ಉತ್ತರ: ಹೊಸದಾಗಿಯೇ ಶುರುಮಾಡಬೇಕು. ಹೂವರ್ ಅಣೆಕಟ್ಟಿನ ಕೊನೆಯ ಕಾಳಗದ ನಂತರ ಈ ಆಟ ಮುಂದುವರಿಯುವುದೇ ಇಲ್ಲ, ನಾಲ್ಕು ಕಥಾ ಡಿಎಲ್‌ಸಿಗಳನ್ನೂ ಅದಕ್ಕೆ ಮೊದಲೇ ಆಡಬೇಕು. ವಿಚಿತ್ರವೆಂದರೆ ಇದಕ್ಕೆ ಹಿಂದಿನ ‘ಫಾಲ್‌ಔಟ್ 3’ಕ್ಕೆ 2009ರಲ್ಲಿ ಬಂದ ‘ಬ್ರೋಕನ್ ಸ್ಟೀಲ್’ ಮಾಡಿದ ದೊಡ್ಡ ಉಪಕಾರವೇ ಮುಕ್ತಾಯದ ನಂತರವೂ ಆಡಲು ಬಿಟ್ಟದ್ದು, ಲೆವೆಲ್ ಮಿತಿಯನ್ನು 20ರಿಂದ 30ಕ್ಕೆ ಏರಿಸಿದ್ದು.

ಹೊಸ ಆಟದಲ್ಲಿ ನೆನಪಿಡಬೇಕಾದದ್ದು: ಪ್ರತಿ ಡಿಎಲ್‌ಸಿಯೂ ಲೆವೆಲ್ ಮಿತಿಯನ್ನು 5ರಂತೆ ಏರಿಸಿ 30ನ್ನು 50ಕ್ಕೆ ಒಯ್ಯುತ್ತದೆ. ‘ಹಾನೆಸ್ಟ್ ಹಾರ್ಟ್ಸ್’ಗೆ ಹೊರಡುವಾಗ ಹೊರೆ 75 ಪೌಂಡಿನ ಮಿತಿಯಲ್ಲಿರಬೇಕು. ‘ಡೆಡ್ ಮನಿ’ಯಲ್ಲಿ ನಿಮ್ಮ ಬಂದೂಕು, ಕವಚ ಎಲ್ಲ ಕಿತ್ತುಕೊಂಡು ಕುತ್ತಿಗೆಗೆ ಸ್ಫೋಟಕ ಪಟ್ಟಿ ಕಟ್ಟುತ್ತಾರೆ, ಕಥೆ ಮುಗಿಸದೆ ಹೊರಬರುವಂತಿಲ್ಲ. ಆದ್ದರಿಂದ ಹೋಗುವ ಮುನ್ನ ಬೇರೆ ಹೆಸರಿನಲ್ಲಿ ಒಂದು ಕೈ-ಸೇವ್ ಇರಲಿ, ಆಟೋಸೇವ್ ನಂಬಬೇಡಿ. ಅದರ ಕೊನೆಯಲ್ಲಿ 37 ಚಿನ್ನದ ಗಟ್ಟಿಗಳಿವೆ, ಒಂದೊಂದರ ತೂಕ 35 ಪೌಂಡ್. ಎಲ್ಲವನ್ನೂ ಹೊರಲು ಹೊರಟವರು ಓಡಲಾಗದೆ ಖಜಾನೆಯೊಳಗೇ ಸಿಕ್ಕಿಬೀಳುತ್ತಾರೆ. ದುರಾಸೆಯ ಕಥೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬೇರೆ ಆಟಗಳಲ್ಲೂ ಇಂಥ ಗಡುವುಗಳಿವೆ. ‘ಮಾಸ್ ಎಫೆಕ್ಟ್ 3’ರ ‘ಸಿಟಡೆಲ್’ ಅನ್ನು ಶತ್ರು ಸಂಘಟನೆ ಸೆರ್ಬರಸ್‌ನ ನೆಲೆಯ ಮೇಲಿನ ದಾಳಿಗೆ ಮುಂಚೆ ಆಡಬೇಕು. ‘ಪರ್ಸೋನಾ 5 ರಾಯಲ್’ನ ಹೆಚ್ಚುವರಿ ಮೂರನೇ ಸೆಮಿಸ್ಟರ್ ಬೇಕಾದರೆ ಆಟದ ಪಂಚಾಂಗದಲ್ಲಿ ನವೆಂಬರ್ 18ರೊಳಗೆ ಶಾಲೆಯ ಆಪ್ತಸಲಹೆಗಾರ ಮಾರುಕಿಯ ಸ್ನೇಹ 9ನೇ ದರ್ಜೆ ಮುಟ್ಟಿರಬೇಕು, ತಪ್ಪಿದರೆ ಎಷ್ಟೋ ಗಂಟೆ ಹಿಂದಿನ ಸೇವ್‌ಗೆ ಹೋಗುವುದೇ ಗತಿ. ಅಂದಹಾಗೆ ರಾಯಲ್ ಡಿಎಲ್‌ಸಿಯೇ ಅಲ್ಲ, ಬೇರೆ ಆಟ. ಹಳೆಯ ‘ಪರ್ಸೋನಾ 5’ರ ಸೇವ್ ಇದರಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಹೊಸ ಕತ್ತಿ, ಹೊಸ ಉಡುಪು, ಕುದುರೆಯ ಕವಚ ಇಂಥ ಸಣ್ಣ ಪ್ಯಾಕ್‌ಗಳು ಕೊಳ್ಳಲು ಯೋಗ್ಯವೇ?

ಉತ್ತರ: ಅಲ್ಲ. 2006ರಲ್ಲಿ ‘ಆಬ್ಲಿವಿಯನ್’ ಆಟಕ್ಕೆ ಎರಡೂವರೆ ಡಾಲರ್‌ಗೆ ಮಾರಿದ ಕುದುರೆ ಕವಚ ಇವತ್ತಿಗೂ ನಗೆಪಾಟಲಿನ ವಸ್ತು. ಮರುವರ್ಷ ಅದೇ ಆಟಕ್ಕೆ ಬಂದ ‘ಶಿವರಿಂಗ್ ಐಲ್ಸ್’ ಹೊಸದೊಂದು ಲೋಕವನ್ನೇ ಕೊಟ್ಟಿತು. ಕತ್ತಿಗಳ ತೊಂದರೆ ಬೇರೆ: ಆರಂಭದಲ್ಲೇ ಬಲವಾದ ಆಯುಧ ಕೈಗೆ ಬಂದರೆ ಮುಂದಿನ ಹತ್ತು ಗಂಟೆಯಲ್ಲಿ ಸಿಗುವ ಪೆಟ್ಟಿಗೆಗಳೆಲ್ಲ ಕಸ. ಈಗಾಗಲೇ ಬಂದಿದ್ದರೆ ಮಾರದೆ ಪೆಟ್ಟಿಗೆಯಲ್ಲಿಟ್ಟು ಮರೆಯಿರಿ.

ಪ್ರಶ್ನೆ: ‘ಸೈಬರ್‌ಪಂಕ್ 2077’ ಬಿಟ್ಟು ಎರಡು ವರ್ಷವಾಯಿತು. ‘ಫ್ಯಾಂಟಮ್ ಲಿಬರ್ಟಿ’ಗೆ ಹಳೆಯ ಸೇವ್ ಬಳಸಲೇ, ಹೊಸದಾಗಿ ಆಡಲೇ? ಕಥೆ ಮುಗಿಸಿದ್ದೇನೆ.

ಉತ್ತರ: ಮೊದಲು ಯಂತ್ರ ನೋಡಿ. 2023ರ ಸೆಪ್ಟೆಂಬರ್ 26ರಂದು ಬಂದ ಈ ಎಕ್ಸ್‌ಪ್ಯಾನ್ಷನ್ ಪ್ಲೇಸ್ಟೇಶನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಇಲ್ಲವೇ ಇಲ್ಲ. ಬಿಡುಗಡೆಗೆ ಮುನ್ನವೇ ಸೀಸನ್ ಪಾಸ್ (ಮುಂದೆ ಬರುವ ಡಿಎಲ್‌ಸಿಗಳ ಮುಂಗಡ ಖರೀದಿ) ಕೊಳ್ಳಬೇಡಿ ಎಂದು ನಾವು ಹೇಳುವುದು ಇಂಥ ಕಾರಣಕ್ಕೇ.

ಯಂತ್ರ ಸರಿಯಿದ್ದರೆ ಹಳೆಯ ಸೇವೇ ಸಾಕು. ಮುಖ್ಯ ಕಥೆ ಮುಗಿಸಿದವರನ್ನು ಆಟವೇ ಕೊನೆಯ ಹಂತಕ್ಕೆ ಮುಂಚಿನ ಜಾಗಕ್ಕೆ ತಂದು ನಿಲ್ಲಿಸಿರುತ್ತದೆ. ವೂಡೂ ಬಾಯ್ಸ್ ಗುಂಪಿನ ಕ್ವೆಸ್ಟ್‌ಗಳು ಮುಗಿದಿದ್ದರೆ ಫೋನ್ ಕರೆ ಬರುತ್ತದೆ, ಈ ಕಥೆ ನಡೆಯುವ ಡಾಗ್‌ಟೌನ್ ಬಡಾವಣೆಗೆ ದಾರಿ ತೆರೆಯುತ್ತದೆ. ಈ ಕಥೆಯ ಒಂದು ದಾರಿ ಮುಖ್ಯ ಆಟಕ್ಕೇ ಹೊಸ ಮುಕ್ತಾಯ ಸೇರಿಸುವುದರಿಂದ ಇದನ್ನು ಅನುಬಂಧ ಎನ್ನಲಾಗದು.

ಆದರೆ ಸೇವ್ ತೆರೆದ ಕೂಡಲೇ ಡಾಗ್‌ಟೌನ್‌ಗೆ ಓಡಬೇಡಿ. ಅದೇ ಸೆಪ್ಟೆಂಬರ್‌ನಲ್ಲಿ, ಎಕ್ಸ್‌ಪ್ಯಾನ್ಷನ್ ಕೊಳ್ಳದವರಿಗೂ ಉಚಿತವಾಗಿ ಬಂದ 2.0 ಅಪ್‌ಡೇಟ್ ಕೌಶಲಗಳ ವ್ಯವಸ್ಥೆಯನ್ನೇ ಬದಲಿಸಿದೆ. ನಿಮ್ಮ ಪರ್ಕ್ (ವಿಶೇಷ ಕೌಶಲ) ಅಂಕಗಳೆಲ್ಲ ವಾಪಸ್ ಬಂದು ಖಾಲಿ ಕೂತಿರುತ್ತವೆ. ಹಾಗೆಯೇ ಹೋದರೆ ಮೊದಲ ಕಾಳಗದಲ್ಲೇ ಕೈಕಾಲು ಕಟ್ಟಿದಂತಾಗುತ್ತದೆ. ಮೂಲ ಗುಣಗಳನ್ನು ಒಂದೇ ಬಾರಿ ಮಾತ್ರ ಮರುಹಂಚಿಕೆ ಮಾಡಬಹುದು. ಅದನ್ನು ಮೊದಲ ದಿನವೇ ಮುಗಿಸಬೇಡಿ; ಪರ್ಕ್‌ಗಳನ್ನಷ್ಟೇ ತುಂಬಿಕೊಂಡು ನಗರದ ಬೀದಿಯ ನಾಲ್ಕೈದು ಪುಂಡರ ಗುಂಪುಗಳೊಂದಿಗೆ ಒಂದು ಗಂಟೆ ಹೊಡೆದಾಡಿ. ಬಟನ್‌ಗಳು ಬೆರಳಿಗೆ ಮತ್ತೆ ಹತ್ತಿದ ಮೇಲೆ ಗುಣಗಳನ್ನು ಬದಲಿಸಿ, ಆಮೇಲೆ ಕರೆ ಸ್ವೀಕರಿಸಿ.