ಟೆಸ್ಟ್ ಓಡಿಸುವ ಸಾಧನವಾದ ಪೈಟೆಸ್ಟ್ ಅನ್ನು ಪೈಥಾನ್ ಪ್ಯಾಕೇಜಿನ ಮುಖ್ಯ ಡಿಪೆಂಡೆನ್ಸಿಗಳ (ಪ್ಯಾಕೇಜ್ ನಡೆಯಲು ಬೇಕಾದ ಇತರ ಪ್ಯಾಕೇಜುಗಳ) ಜೊತೆಗೇ ಹಾಕಬಹುದಾ?

ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಹಾಕಬೇಡಿ. ಪ್ಯಾಕೇಜಿನ ವಿವರ ಬರೆಯುವ ಪೈಪ್ರಾಜೆಕ್ಟ್ ಟಾಮ್ಲ್ (pyproject.toml) ಫೈಲಿನ ‘ಡಿಪೆಂಡೆನ್ಸೀಸ್’ ಪಟ್ಟಿ ಇರುವುದು ನಿಮ್ಮ ಪ್ಯಾಕೇಜ್ ಬಳಸುವವರಿಗಾಗಿ. ಅದರಲ್ಲಿ ಬರೆದದ್ದೆಲ್ಲ ವೀಲ್‌ನ (ಇನ್‌ಸ್ಟಾಲ್‌ಗೆ ಸಿದ್ಧವಾದ ಪ್ಯಾಕೇಜ್ ಫೈಲಿನ) ಮೆಟಾಡೇಟಾ, ಅಂದರೆ ವಿವರಗಳ ಪಟ್ಟಿ, ಸೇರುತ್ತದೆ, ಇನ್‌ಸ್ಟಾಲ್ ಮಾಡುವ ಸಾಧನ ಪಿಪ್ ಅದನ್ನೆಲ್ಲ ಅವರ ಮೆಷಿನ್‌ಗೂ ಇಳಿಸುತ್ತದೆ.

ಜಾಗ ಜಾಸ್ತಿ ಹಿಡಿಯುವುದು ಸಣ್ಣ ವಿಷಯ. ನಿಜವಾದ ತಲೆನೋವು ವರ್ಷನ್‌ಗಳದ್ದು. ನೀವು ‘ಪೈಟೆಸ್ಟ್ 8ಕ್ಕಿಂತ ಹಳೆಯದೇ ಬೇಕು’ ಎಂದು ಬರೆದಿದ್ದೀರಿ, ಬಳಸುವವರ ಪ್ರಾಜೆಕ್ಟಿಗೆ 8 ಬೇಕು ಅಂದುಕೊಳ್ಳಿ. ಒಂದೇ ಎನ್ವಿರಾನ್‌ಮೆಂಟಿನಲ್ಲಿ (ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಜಾಗದಲ್ಲಿ) ಎರಡೂ ಇರಲಾರವು, ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ. ಅವರು ನಿಮ್ಮ ಟೆಸ್ಟ್ ಓಡಿಸುವುದೇ ಇಲ್ಲ, ಅಲ್ವಾ? ಸುಮ್ನೆ ತೊಂದರೆ.

‘ಆಪ್ಷನಲ್-ಡಿಪೆಂಡೆನ್ಸೀಸ್’ ಕೆಳಗೆ ‘ಟೆಸ್ಟ್’ ಎಂಬ ಎಕ್ಸ್‌ಟ್ರಾ (ಬೇಕಾದವರು ಮಾತ್ರ ಕೇಳಿ ಹಾಕಿಕೊಳ್ಳುವ ಪಟ್ಟಿ) ಇಡುವುದು ಹಳೆಯ ದಾರಿ. ಈಗಲೂ ನಡೆಯುತ್ತದೆ, ಆದರೆ ಅದೂ ಪ್ಯಾಕೇಜಿನ ಮೆಟಾಡೇಟಾದಲ್ಲಿ ಕಾಣುತ್ತದೆ. 2024ರಲ್ಲಿ ಒಪ್ಪಿಗೆಯಾದ ಪೈಥಾನ್ ಸುಧಾರಣಾ ಪ್ರಸ್ತಾವ ಪೆಪ್ 735ರ ‘ಡಿಪೆಂಡೆನ್ಸಿ-ಗ್ರೂಪ್ಸ್’ ವೀಲ್‌ಗೆ ಹೋಗುವುದೇ ಇಲ್ಲ. ಹೊಸ ಪ್ರಾಜೆಕ್ಟಾದರೆ ನಾನು ಇದನ್ನೇ ಆರಿಸುತ್ತೇನೆ. ಪಿಪ್ 25.1ರಿಂದ ಇನ್‌ಸ್ಟಾಲ್ ಮಾಡುವಾಗ ‘--ಗ್ರೂಪ್ ಟೆಸ್ಟ್’ ಎಂದರೆ ಸಾಕು. ಆದರೆ ಗ್ರೂಪ್ ನಿಮ್ಮ ಪ್ಯಾಕೇಜನ್ನು ತಾನಾಗಿ ಇನ್‌ಸ್ಟಾಲ್ ಮಾಡುವುದಿಲ್ಲ, ಅದನ್ನು ಬೇರೆಯಾಗಿ ಹೇಳಬೇಕು.

(ನೀವು ಬರೆಯುತ್ತಿರುವುದು ಪೈಟೆಸ್ಟ್ ಪ್ಲಗಿನ್ ಆದರೆ ಮಾತು ಬೇರೆ. ಅಲ್ಲಿ ಪೈಟೆಸ್ಟ್ ಮುಖ್ಯ ಪಟ್ಟಿಯಲ್ಲೇ ಇರಬೇಕು.)

ಉಲ್ಟಾ ತಪ್ಪೂ ಆಗುತ್ತದೆ. ಮುಖ್ಯ ಕೋಡ್ ‘ರಿಕ್ವೆಸ್ಟ್ಸ್’ ಎಂಬ ಪ್ಯಾಕೇಜ್ ಬಳಸುತ್ತದೆ, ಆದರೆ ಅದು ಟೆಸ್ಟ್ ಗ್ರೂಪಿನಲ್ಲಿ ಮಾತ್ರ ಇದೆ. ನಿಮ್ಮ ಟೆಸ್ಟ್ ಎಲ್ಲ ಪಾಸ್, ಬಳಸುವವರಿಗೆ ಇಂಪೋರ್ಟ್ ಎರರ್. ಬಿಡುಗಡೆಗೆ ಮೊದಲು ಖಾಲಿ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ವೀಲ್ ಒಂದನ್ನೇ ಹಾಕಿ, ನಿಮ್ಮ ಮಾಡ್ಯೂಲ್‌ಗಳನ್ನೆಲ್ಲ ಇಂಪೋರ್ಟ್ ಮಾಡಿ ನೋಡಿ.