ಹಳೇ ಲೂಮಿಯಾ 1020 ಸಿಕ್ಕಿದೆ, ಇಟ್ಟುಕೊಳ್ಳಲಾ?

ನೀವು ಕೇಳಿರೋದು ಮೂರು ವಿಷಯ. ಸೋದರಮಾವನ ಮನೆಯ ಬೀರು ಖಾಲಿ ಮಾಡುವಾಗ ಹಳದಿ ಬಣ್ಣದ ನೋಕಿಯಾ ಲೂಮಿಯಾ 1020 ಸಿಕ್ಕಿದೆ, ಚಾರ್ಜಿಗೆ ಹಾಕಿದರೆ ಆನ್ ಆಗುತ್ತೆ, ಈಗಲೂ ಬಳಸಬಹುದಾ ಅಂತ ಒಂದು. ಅದರ ಕ್ಯಾಮೆರಾ ಗ್ರಿಪ್ಪು (ಫೋನಿಗೆ ಕೂರಿಸುವ ಹಿಡಿಕೆ), ಕವರು, ಬ್ಯಾಟರಿ ಹುಡುಕಿ ತರಿಸಲಾ ಅಂತ ಇನ್ನೊಂದು. ಇದೇ ಫೋನು 200 ಮೆಗಾಪಿಕ್ಸೆಲ್ ಹಾಕಿಕೊಂಡು ವಾಪಸ್ ಬರುತ್ತಂತೆ, ಅದಕ್ಕೆ ಕಾಯಲಾ ಅಂತ ಮೂರನೆಯದು.

ಮೂರನೆಯದನ್ನು ಮೊದಲು ಮುಗಿಸಿಬಿಡೋಣ. ಕಾಯಬೇಡಿ. ಯೂಟ್ಯೂಬಿನಲ್ಲಿ ನೀವು ನೋಡಿದ ಆ ಹೊಳೆಯುವ ಫೋನು ಯಾರೋ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ, ಅಂಥವು ವರ್ಷಕ್ಕೆ ನಾಲ್ಕು ಬರುತ್ತವೆ. ಲೂಮಿಯಾ ಹೆಸರು 2014ರಲ್ಲೇ ಮೈಕ್ರೋಸಾಫ್ಟ್ ಪಾಲಾಯಿತು. ನೋಕಿಯಾ ಹೆಸರಲ್ಲಿ ಫೋನ್ ಮಾಡುವ ಹಕ್ಕು 2016ರಲ್ಲಿ ಎಚ್‌ಎಂಡಿ ಅನ್ನುವ ಕಂಪನಿಗೆ ಹೋಯಿತು. ಅವರು 2019ರಲ್ಲಿ ಐದು ಕ್ಯಾಮೆರಾದ ನೋಕಿಯಾ 9 ಪ್ಯೂರ್‌ವ್ಯೂ ತಂದರು, 2024ರಲ್ಲಿ ಹಳೇ ಲೂಮಿಯಾ ಮೈಕಟ್ಟಿನ ಎಚ್‌ಎಂಡಿ ಸ್ಕೈಲೈನ್ ತಂದರು, ಅದರಲ್ಲಿ 108 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಆದರೆ ನಿಮ್ಮ ಕೈಯಲ್ಲಿರುವುದರ ಬೆನ್ನಿನ ಆ ದೊಡ್ಡ ಗುಂಡು ಕ್ಯಾಮೆರಾ ಯಾವುದಕ್ಕೂ ಬರಲಿಲ್ಲ.

ಗಾಳಿಸುದ್ದಿ ಬಗ್ಗೆ ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. 2013ರಲ್ಲಿ ಈ ಫೋನ್ ಬರುವ ಮೊದಲು 'ಇಒಎಸ್' ಅನ್ನುವ ಗುಟ್ಟಿನ ಹೆಸರಲ್ಲಿ ಇದರ ಸುದ್ದಿ ಓಡಾಡುತ್ತಿತ್ತು. 41 ಮೆಗಾಪಿಕ್ಸೆಲ್, ವಿಂಡೋಸ್ ಫೋನ್, ಹಳದಿ ಬಣ್ಣ ಅಂತೆಲ್ಲಾ. ಆ ವರ್ಷ ಜುಲೈ 11ಕ್ಕೆ ನ್ಯೂಯಾರ್ಕಿನಲ್ಲಿ ಬಿಡುಗಡೆ ಆದಾಗ ನೋಡಿದರೆ ಎಲ್ಲ ನಿಜ! ಇಲ್ಲಿಗೆ ಅಕ್ಟೋಬರ್‌ನಲ್ಲಿ ಬಂತು, ಬೆಲೆ ₹49,999. ದಾವಣಗೆರೆಯಲ್ಲಿ ಫೋಟೋ ಲ್ಯಾಬ್ ಕೆಲಸ ಮಾಡುವವನಿಗೆ ಅದು ಆಗುವ ಮಾತಲ್ಲ. ಮುಂದಿನ ವರ್ಷ ಗುರುತಿನವರೊಬ್ಬರು ತಮ್ಮದನ್ನು ಗ್ರಿಪ್ ಸಮೇತ, ಬಿಲ್ ಸಮೇತ ಇಪ್ಪತ್ತೆರಡು ಸಾವಿರಕ್ಕೆ ಕೊಡ್ತೀನಿ ಅಂದರು. ನಾನು ದೊಡ್ಡ ಜಾಣನ ಹಾಗೆ ಬೇಡ ಅಂದೆ. ಯಾಕೆ ಹೇಳಿ? ಆಗ 'ಮೆಕ್ಲಾರೆನ್' ಅನ್ನುವ ಹೊಸ ಸುದ್ದಿ ಎದ್ದಿತ್ತು. 1020ರ ಮುಂದಿನದು ಅದೇ, ಸ್ಕ್ರೀನ್ ಮುಟ್ಟದೆ ಮೇಲೆ ಬೆರಳಾಡಿಸಿದರೆ ಸಾಕು ಕೆಲಸ ಮಾಡುತ್ತೆ ಅಂತ. ಹಿಂದಿನ ಸುದ್ದಿ ನಿಜ ಆಗಿತ್ತಲ್ಲ, ಇದೂ ಆಗುತ್ತೆ ಅಂತ ನಂಬಿದೆ. ನೋಕಿಯಾ ಕ್ಯಾಮೆರಾ ತಂಡದ ಅರಿ ಪಾರ್ಟಿನೆನ್ ಆ ಮೇ ತಿಂಗಳಲ್ಲಿ ಆಪಲ್ ಸೇರುವ ಸುದ್ದಿ ಬಂದಾಗಲಾದರೂ ನನಗೆ ಗೊತ್ತಾಗಬೇಕಿತ್ತು. ಜುಲೈ ಹೊತ್ತಿಗೆ ಮೆಕ್ಲಾರೆನ್ ಕೈಬಿಟ್ಟರು ಅಂತ ಸುದ್ದಿ ಬಂತು. ಅಷ್ಟರಲ್ಲಿ ಆ ಗ್ರಿಪ್ ಇದ್ದ ಫೋನು ಹರಿಹರದ ಯಾರದೋ ಪಾಲಾಗಿತ್ತು, ನಮ್ಮ ತಂಗಿ ಮದುವೆಯೂ ಮುಗಿದಿತ್ತು. ಮದುವೆ ಮನೆಯಲ್ಲಿ ನಾನು ತೆಗೆದ ಫೋಟೋಗಳೆಲ್ಲಾ ಒಂದು ಡಬ್ಬಾ ಫೋನಿನವು. ಯಾವುದರಲ್ಲೂ ಮದುಮಗಳ ಮೂಗುತಿ ಕಾಣಲ್ಲ. 2015ರಲ್ಲಿ ಮೂಲೆ ಜಜ್ಜಿದ ಬಿಳಿ ಬಣ್ಣದ್ದೊಂದು ಸೆಕೆಂಡ್‌ಹ್ಯಾಂಡ್ ತಗೊಂಡೆ, ಅದೇ ಈಗಲೂ ಇದೆ.

ಈಗ ಮೊದಲ ಪ್ರಶ್ನೆ. ಫೋನ್ ಅಂತ ಬಳಸುವ ಆಸೆ ಬಿಟ್ಟುಬಿಡಿ. ಇದನ್ನು ನಡೆಸುವ ಸಾಫ್ಟ್‌ವೇರ್ ವಿಂಡೋಸ್ ಫೋನ್ 8.1ಕ್ಕೆ ಮೈಕ್ರೋಸಾಫ್ಟ್ 2017ರ ಜುಲೈಯಲ್ಲೇ ಕೈ ಎತ್ತಿತು. ವಿಂಡೋಸ್ 10 ಈ ಮಾಡೆಲ್ಲಿಗೆ ಅಧಿಕೃತವಾಗಿ ಕೊಡಲೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ಆಪ್ ಸ್ಟೋರೂ ಬಂದ್, ವಾಟ್ಸಾಪೂ ಬಂದ್. ಫೋನ್‌ಪೇ, ಬ್ಯಾಂಕು ಯಾವುದೂ ನಡೆಯಲ್ಲ. ಸಿಮ್ಮು ಮೈಕ್ರೋ ಸೈಜ್, ಜಿಯೋ ಹಾಕಿದರೆ ಮಾತೇ ಆಡಲು ಬರಲ್ಲ.

ಕ್ಯಾಮೆರಾ ಅಂತ ಇಟ್ಟುಕೊಳ್ಳಿ. ಸುಮ್ನೆ ಹಳೇ ಪ್ರೀತಿಗೆ ಹೇಳುತ್ತಿಲ್ಲ. ಹಗಲು ಬೆಳಕಿನಲ್ಲಿ ಈಗಿನ ಒಳ್ಳೆಯ ಫೋನ್ ಇದನ್ನು ಸೋಲಿಸುತ್ತೆ, ಅದರಲ್ಲಿ ಅನುಮಾನ ಇಲ್ಲ. ಕತ್ತಲಲ್ಲಂತೂ ಇನ್ನೂ ಜಾಸ್ತಿ. ಆದರೆ ಇದರಲ್ಲಿ ಇರುವ ಒಂದು ವಸ್ತು ಈಗಿನ ಮಾಮೂಲಿ ಫೋನುಗಳಲ್ಲಿ ಇಲ್ಲ, ಅದು ಕ್ಸೆನಾನ್ ಫ್ಲ್ಯಾಶ್. ಈಗಿನವುಗಳದು ಎಲ್‌ಇಡಿ, ಅದು ಟಾರ್ಚ್ ಇದ್ದ ಹಾಗೆ, ಉರಿಯುತ್ತಾ ಇರುತ್ತೆ. ಕ್ಸೆನಾನ್ ಮಿಂಚಿನ ಥರ. ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತು ಹೊಡೆದು ಹೋಗುತ್ತೆ, ಆ ಕ್ಷಣಕ್ಕೆ ಯಾವುದು ಎಲ್ಲಿತ್ತೋ ಅಲ್ಲೇ ನಿಂತುಬಿಡುತ್ತೆ.

ನಮ್ಮೂರಿನ ಮಂಡಕ್ಕಿ ಭಟ್ಟಿ ಲೇಔಟಿಗೆ ಹೋಗಿ ಇದನ್ನು ನೋಡಿದೆ. ಒಳಗೆ ಕತ್ತಲು, ಹೊಗೆ, ಒಲೆಯ ಬೆಂಕಿ ಬಿಟ್ಟರೆ ಬೆಳಕಿಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಅರಳುತ್ತೆ, ಅದನ್ನು ಜರಡಿಗೆ ಹಾಕಿ ಒಂದು ಏಟು ಎಗರಿಸುತ್ತಾರೆ. ಈಗಿನ ಫೋನಲ್ಲಿ ತೆಗೆದರೆ ಮಂಡಕ್ಕಿ ಬಿಳಿ ಗೀರು. ಲೂಮಿಯಾದಲ್ಲಿ ಮೊದಲ ಫೋಟೋ ಪೂರ್ತಿ ಹಾಳು, ಹೊಗೆಗೆ ಫ್ಲ್ಯಾಶ್ ಬಡಿದು ಎಲ್ಲಾ ಮಂಜು ಮಂಜು. ಆಮೇಲೆ ಬಾಗಿಲ ಕಡೆ, ಗಾಳಿ ಬೀಸುವ ಜಾಗದಲ್ಲಿ ನಿಂತೆ. ಎರಡನೆಯದರಲ್ಲಿ ಬಂತು ನೋಡ್ರಿ, ಒಂದೊಂದು ಮಂಡಕ್ಕಿಯೂ ಗಾಳಿಯಲ್ಲಿ ತೂಗು ಹಾಕಿದ ಹಾಗೆ, ಜರಡಿ ಹಿಡಿದವರ ಹುಬ್ಬಿನ ಮೇಲೆ ಕೂತ ಒಂದು ಕಾಳೂ ಸೇರಿ. ಮೂರನೆಯದು ತೆಗೆಯುವಷ್ಟರಲ್ಲಿ ಜರಡಿ ಖಾಲಿ. ಈ ಫೋನಿನ ದೊಡ್ಡ ಕೊರತೆ ಅದೇ, ಒಂದು ತೆಗೆದ ಮೇಲೆ ಇನ್ನೊಂದಕ್ಕೆ ಮೂರು ನಾಲ್ಕು ಸೆಕೆಂಡ್ ಕಾಯಿಸುತ್ತೆ. ಓಡಾಡುವ ಮಕ್ಕಳ ಫೋಟೋಗೆ ಇದನ್ನು ನಂಬಬೇಡಿ.

ಇನ್ನು ಆ 41 ಮೆಗಾಪಿಕ್ಸೆಲ್ ಅಂದರೆ ಏನು ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಇದು ಒಂದೇ ಸಲಕ್ಕೆ ಎರಡು ಫೋಟೋ ಇಡಬಲ್ಲದು. ಒಂದು 38 ಮೆಗಾಪಿಕ್ಸೆಲ್‌ನದು (41ರಲ್ಲಿ ಫೋಟೋಗೆ ಸಿಗುವುದು ಅಷ್ಟೇ), ಇನ್ನೊಂದು 5ರದು. ಐದರದು ಬರೀ ಚಿಕ್ಕದು ಮಾಡಿದ್ದಲ್ಲ. ಸುಮಾರು ಏಳು ಚುಕ್ಕೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಸೇರಿಸಿ ಒಂದು ಮಾಡುತ್ತೆ. ಇಲ್ಲಿ ಮಂಡಿಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಏಳು ಕಡೆ ಚುಚ್ಚಿ ಕಾಳು ತೆಗೆದು ನೋಡಿದರೆ, ಎಲ್ಲೋ ಒಂದು ಕಡೆ ಹುಳುಕು ಸಿಕ್ಕರೂ ಚೀಲದ ದರ ತಪ್ಪಲ್ಲ ಅಲ್ವಾ, ಅದೇ ಲೆಕ್ಕ. ಒಂದು ಚುಕ್ಕೆ ಸುಳ್ಳು ಹೇಳಿದರೆ ಉಳಿದವು ಸರಿಮಾಡುತ್ತವೆ. 2023ರಲ್ಲಿ ಬಂದ ಸ್ಯಾಮ್‌ಸಂಗ್‌ನ 200 ಮೆಗಾಪಿಕ್ಸೆಲ್ ಫೋನ್ ಗ್ಯಾಲಕ್ಸಿ ಎಸ್23 ಅಲ್ಟ್ರಾ ಹದಿನಾರು ಚುಕ್ಕೆ ಸೇರಿಸಿ ಹನ್ನೆರಡೂವರೆ ಮಾಡುವುದೂ ಇದೇ ವಿದ್ಯೆ. ಲ್ಯಾಬ್ ಭಾಷೆಯಲ್ಲಿ ಹೇಳಬೇಕೆಂದರೆ, 38ರ ಫೈಲು 7136 × 5360 ಚುಕ್ಕೆ, ಇಂಚಿಗೆ 300ರಂತೆ ಹಿಡಿದರೆ ಹೆಚ್ಚೂಕಮ್ಮಿ 24 × 18 ಇಂಚಿನ ಪ್ರಿಂಟ್. ಐದರ ಫೈಲು ಎಂಟೂವರೆ ಇಂಚಿಗೆ ಸುಸ್ತಾಗುತ್ತೆ. ಚಿತ್ರದುರ್ಗದ ಕೋಟೆ ಹತ್ತಿ ತುಪ್ಪದ ಕೊಳದ ಹತ್ತಿರ ನಿಂತು ತೆಗೆದ ಒಂದು ಫೋಟೋದಲ್ಲಿ, ದೂರದ ಗುಡ್ಡದ ಗಾಳಿಯಂತ್ರಗಳನ್ನು ಕತ್ತರಿಸಿ ತೆಗೆದು ರೆಕ್ಕೆ ಎಣಿಸಿದ್ದೇನೆ.

ಬಿಡಿಭಾಗಗಳ ವಿಷಯ. ಗ್ರಿಪ್ಪಿನ ಹೆಸರು ಪಿಡಿ-95ಜಿ. ಹಿಡಿಯಲು ಉಬ್ಬು, ಮೇಲೆ ಶಟರ್ ಬಟನ್, ಕೆಳಗೆ ಟ್ರೈಪಾಡ್ ತಿರುಪು, ಒಳಗೆ 1020 ಎಂಎಎಚ್‌ನ ಹೆಚ್ಚಿನ ಬ್ಯಾಟರಿ. ಒಳ್ಳೆಯ ವಸ್ತು, ಆದರೆ ಈಗ ಸಿಗುವುದೆಲ್ಲ ಹಳೇ ಸರಕು. ನಾನು ಆನ್‌ಲೈನಲ್ಲಿ ಒಬ್ಬರಿಂದ ತರಿಸಿದ್ದು ಬ್ಯಾಟರಿ ಊದಿಕೊಂಡು ಬಂತು, ಫೋನಿಗೆ ಸರಿಯಾಗಿ ಕೂರಲೇ ಇಲ್ಲ. ಮಾರಿದವರು ಫೋನ್ ಎತ್ತಲಿಲ್ಲ. ಅಷ್ಟು ದುಡ್ಡು ಹಾಕುವ ಬದಲು ಮಾಮೂಲಿ ಮೊಬೈಲ್ ಹಿಡಿ ಇರುವ ಚಿಕ್ಕ ಟ್ರೈಪಾಡ್ ತಗೊಳ್ಳಿ. ಒಂದೇ ಎಚ್ಚರ, ಬಟನ್‌ಗಳೆಲ್ಲಾ ಒಂದೇ ಪಕ್ಕಕ್ಕೆ ಇವೆ, ಹಿಡಿ ಅವುಗಳ ಮೇಲೆ ಕೂತರೆ ಕ್ಯಾಮೆರಾ ಬಟನ್ ಒತ್ತಿಕೊಂಡೇ ಇರುತ್ತೆ. ಸ್ವಲ್ಪ ಪಕ್ಕಕ್ಕೆ ಸರಿಸಿ ಹಿಡಿಸಿ. ಇದರಲ್ಲಿ ಶಟರನ್ನು, ಅಂದರೆ ಬೆಳಕು ಒಳಬಿಡುವ ಬಾಗಿಲನ್ನು, ನಾಲ್ಕು ಸೆಕೆಂಡಿನವರೆಗೆ ತೆರೆದಿಡಬಹುದು, ಬೆಳಗಿನ ಜಾವ ಕುಂದವಾಡ ಕೆರೆ ಏರಿ ಮೇಲೆ ಇಟ್ಟು ನೋಡಿ. ವೈರ್‌ಲೆಸ್ ಚಾರ್ಜಿಂಗ್ ಬೇಕಾದರೆ ಬೇರೆ ಕವರೇ ಹಾಕಬೇಕು, ಅದು ದಂಡ. ಕ್ಲಿಪ್ ಹಾಕುವ ಲೆನ್ಸುಗಳು ಆ ಉಬ್ಬಿನ ಮೇಲೆ ನಿಲ್ಲಲ್ಲ.

ಬ್ಯಾಟರಿ ಮಾತ್ರ ಬದಲಿಸಬೇಕಾಗಬಹುದು. ನಂಬರ್ ಬಿವಿ-5ಎಕ್ಸ್‌ಡಬ್ಲ್ಯು, 2000 ಎಂಎಎಚ್. ನೀವೇ ಬಿಚ್ಚಬೇಡಿ. ಕ್ಸೆನಾನ್ ಫ್ಲ್ಯಾಶಿಗೆ ಕರೆಂಟ್ ಕೂಡಿಡುವ ಕೆಪಾಸಿಟರ್ ಒಳಗಿದೆ, ಆಫ್ ಮಾಡಿದ್ದರೂ ಶಾಕ್ ಹೊಡೆಯಬಹುದು. ಇಲ್ಲೊಂದು ರಿಪೇರಿ ಅಂಗಡಿಯಲ್ಲಿ ಹುಡುಗ ನನ್ನ ಫೋನಿನ ಬೆನ್ನಿಗೆ ಹತ್ತು ನಿಮಿಷ ಬಿಸಿಗಾಳಿ ಕೊಟ್ಟು ಉಗುರು ಹಾಕಿ ಕೀಳುತ್ತಿದ್ದ. ಬೆನ್ನು ಬರುವುದೇ ಇಲ್ಲ ಮಾರಾಯ, ಇದು ಒಂದೇ ಅಚ್ಚಿನ ಪ್ಲಾಸ್ಟಿಕ್, ಮುಂದಿನ ಡಿಸ್‌ಪ್ಲೇ ಎತ್ತಬೇಕು ಅಂದೆ. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತು ಅಂದರೆ, ನಾನೇ ಫೋನ್ ಕದ್ದು ತಂದವನು ಅನ್ನುವ ಹಾಗೆ. ಬಿಚ್ಚಲು ಕೊಡುವ ಮೊದಲು ಆ ಅಂಗಡಿಯವರು ಹಿಂದೆ ಲೂಮಿಯಾ ಬಿಚ್ಚಿದ್ದಾರಾ ಕೇಳಿ.

ಕೊನೆಗೆ, ಇವತ್ತೇ ಮಾಡಬೇಕಾದ ಕೆಲಸ. ಫೋನನ್ನು ರೀಸೆಟ್ ಮಾಡಬೇಡಿ. ಸ್ಟೋರ್ ಇಲ್ಲದ ಮೇಲೆ ಹೋದ ಆಪ್ ವಾಪಸ್ ಬರಲ್ಲ, ಅದಕ್ಕಿಂತ ಮುಖ್ಯ ಒಳಗಿನ ಫೋಟೋಗಳು. ಮೆಮೊರಿ ಕಾರ್ಡ್ ಇಲ್ಲ, ಇದ್ದದ್ದೆಲ್ಲ ಒಳಗೇ. ಗ್ಯಾಲರಿಯಲ್ಲಿ ನಿಮಗೆ ಕಾಣುವುದು, ನಿಮ್ಮ ಮಾವ ಎಲ್ಲರಿಗೂ ಕಳಿಸಿರುವುದು ಐದರ ಫೋಟೋ. ಎರಡೂ ಇಡುವ ಸೆಟ್ಟಿಂಗ್ ಆನ್ ಇದ್ದಿದ್ದರೆ 38ರವು ಒಳಗೆ ಕೂತಿರುತ್ತವೆ. ಕಂಪ್ಯೂಟರಿಗೆ ಯುಎಸ್‌ಬಿ ಹಾಕಿ, ಪಿಕ್ಚರ್ಸ್ ಒಳಗಿನ ಕ್ಯಾಮೆರಾ ರೋಲ್ ತೆರೆಯಿರಿ, ಹೆಸರಿನ ಕೊನೆಯಲ್ಲಿ 'ಹೈರೆಸ್' ಅಂತ ಇರುವ ಫೈಲುಗಳೇ ಅವು. ಎಲ್ಲಾ ಕಾಪಿ ಮಾಡಿಕೊಂಡು ನಿಧಾನವಾಗಿ ದೊಡ್ಡದು ಮಾಡಿ ನೋಡಿ. ನನ್ನವನ್ನು ನಾನು ಎಷ್ಟೋ ವರ್ಷ ತೆಗೆದೇ ಇರಲಿಲ್ಲ. ಒಂದು ದುಗ್ಗಮ್ಮನ ಜಾತ್ರೆಯ ಫೋಟೋ, ಚಿಕ್ಕದರಲ್ಲಿ ಬರೀ ಜನಜಂಗುಳಿ. ದೊಡ್ಡದರಲ್ಲಿ ಬಲಗಡೆ ಮೂಲೆಯ ಮಿರ್ಚಿ ಅಂಗಡಿ ಮುಂದೆ ನಮ್ಮ ಅಪ್ಪ ನಿಂತಿದ್ದರು, ಬಿಪಿ ಇದೆ ಎಣ್ಣೆ ತಿಂಡಿ ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿದ ತಿಂಗಳದು ಅದು, ಕೈಯಲ್ಲಿ ಪೇಪರು, ಪೇಪರಿನಲ್ಲಿ ಮೂರು ಮಿರ್ಚಿ. ಎಣಿಸಿದೆ.